ದರ್ಜಿ ಫುಟ್‌ಬಾಲ್ ಕಲಿಸಿದ್ದು

ಕೆಲವರ ಹಣೇಲಿ ಗೊತ್ತಿಲ್ಲದ ಕೆಲಸವೇ ಬರೆದಿರುತ್ತೆ ಕಣ್ರೀ. ನನ್ನ ಕಥೆ ಅದೇ. ಮಧುರೆ ಕಡೆಯ ಒಂದು ಹಳ್ಳಿಯ ದರ್ಜಿ ನಾನು. ಅಂಗಿ ಹೊಲಿ ಅಂದರೆ ಹೊಲಿದೇನು. ಆದರೆ ಎರಡನೇ ಮಹಾಯುದ್ಧ ನಡೀತಿದ್ದ ಆ ವರ್ಷ ಊರಿನ ಹುಡುಗರಿಗೆ ಫುಟ್‌ಬಾಲ್ ಕಲಿಸೋ ಭಾರ ನನ್ನ ತಲೆ ಮೇಲೆ ಬಿತ್ತು.

೧. ನೇಮಕ

ಶಾಲಾ ಇನ್ಸ್‌ಪೆಕ್ಟರು ನಮ್ಮೂರ ಶಾಲೆಗೆ ಒಂದು ಚೆಂಡು ಕೊಟ್ಟು, "ತಿಂಗಳು ಬಿಟ್ಟು ಬಂದು ಪಕ್ಕದೂರಿನವರ ಜೊತೆ ಆಡಿಸ್ತೀನಿ. ನಿಮ್ಮವರು ಸರಿಯಾಗಿ ಆಡದಿದ್ರೆ ಚೆಂಡು ಆ ಊರಿಗೆ" ಅಂದು ಹೋಗಿದ್ದರು. ರಬ್ಬರೇ ಸಿಗದ ಕಾಲ, ಇನ್ನೊಂದು ಚೆಂಡಿನ ಮಾತೇ ಇಲ್ಲ. ನನ್ನ ಒಂಬತ್ತು ವರ್ಷದ ಮಗನಂತೂ "ಅಪ್ಪಾ, ಚೆಂಡು ಹೋದ್ರೆ ನಾನು ಸ್ಕೂಲಿಗೇ ಹೋಗಲ್ಲ" ಅಂತ ಹಟ ಹಿಡಿದಿದ್ದ.

ಹೆಡ್‌ಮೇಷ್ಟ್ರು ಅಂಗಡಿಗೇ ಬಂದರು. "ಬೆಂಗಳೂರಲ್ಲಿ ಎರಡು ವರ್ಷ ಇದ್ದೋರು ನೀವು. ನೀವೇ ಕಲಿಸ್ಬೇಕು."

"ಸ್ವಾಮಿ, ಅಲ್ಲಿ ನಾನು ಗುಂಡಿ ಹೊಲೀತಿದ್ದೆ."

"ಆಟ ನೋಡೇ ಇಲ್ವೇ?"

ನೋಡಿದ್ದೆ, ಸುಳ್ಳು ಯಾಕೆ. ಒಂದೇ ಸಲ. ಮುಂದೆ ಎತ್ತರದ ಜನ ನಿಂತಿದ್ದರಿಂದ ಚೆಂಡು ಆಕಾಶಕ್ಕೆ ಹಾರಿದಾಗ ಮಾತ್ರ ಕಂಡಿತ್ತು. ಮೊದಲ ದಿನ ಅದನ್ನೇ ಕಲಿಸಿದೆ: "ಎಷ್ಟು ಎತ್ತರ ಒದೀತೀರೋ ಅಷ್ಟು ಒಳ್ಳೇದು ಕಣ್ರೋ!" ಸಂಜೆವರೆಗೂ ಆಡಿದ್ವಿ. ಅದರಲ್ಲಿ ಮುಕ್ಕಾಲು ಹೊತ್ತು ಹನ್ನೊಂದು ಜನವೂ ಹುಣಸೆಮರದ ಮೇಲಿದ್ದರು.

೨. ಗೋಲು ಕಾಯುವವನು

ಗೌಡರ ದಪ್ಪ ಹುಡುಗನನ್ನು ಗೋಲಿಗೆ ನಿಲ್ಲಿಸಿ, "ಲೇ, ಏನೇ ಬಂದ್ರೂ ಒಳಕ್ಕೆ ಬಿಡಬೇಡ" ಅಂದೆ. ಅಷ್ಟರಲ್ಲಿ ಮೇವು ಮುಗಿಸಿದ ಎಮ್ಮೆಗಳು ಮೈದಾನ ಹಾದು ಮನೆ ಕಡೆ ಹೊರಟವು. ಇವನು ಎರಡೂ ಕೈ ಚಾಚಿ ಎಮ್ಮೆಗಳನ್ನ ತಡೆದ. ಚೆಂಡು ಅವನ ಪಕ್ಕದಲ್ಲೇ ಉರುಳಿ ಒಳಗೆ ಹೋಯ್ತು. ಬೈದೆ.

"ಏಳು ಎಮ್ಮೆ ತಡೆದಿದೀನಿ ಮಾವ. ಒಂದು ಚೆಂಡಿಗೆ ಯಾಕಿಷ್ಟು ಕೂಗಾಡ್ತೀಯಾ?" ಅಂದ. ನನಗೂ ಹೌದಲ್ವಾ ಅನ್ನಿಸಿಬಿಡ್ತು.

೩. ಇನ್ಸ್‌ಪೆಕ್ಟರ ಎದುರು

ಪಂದ್ಯದ ದಿನ ಬಂತು. ಊರಿಗೆ ಊರೇ ಸೇರಿತ್ತು. ಆಟ ಶುರುವಾಗಿ ಎರಡು ನಿಮಿಷವಾಗಿಲ್ಲ, ನಮ್ಮ ಹುಡುಗನೊಬ್ಬ ತಾನಾಗಿ ಹೊರಗೆ ಬಂದು ಕೂತ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ.

"ಯಾಕ್ರೋ?" ಅಂದೆ.

"ಅವ್ರು ನಮ್ಮನ್ನ ಮುಟ್ಟಿಬಿಟ್ರು ಮಾವ. ಸತ್ವಿ."

ಹುಟ್ಟಿದಾಗಿನಿಂದ ಚೆಡುಗುಡು, ಅದೇ ನಿಮ್ಮ ಕಬಡ್ಡಿ, ಆಡಿದ ಹುಡುಗರು! ಅದರಲ್ಲಿ ಎದುರಾಳಿ ಮುಟ್ಟಿದರೆ ಆಟಗಾರ ಸತ್ತ ಲೆಕ್ಕ, ಹೊರಗೆ ಕೂರಬೇಕು. ಇದರಲ್ಲಿ ಹಾಗಿದೆಯೋ ಇಲ್ಲವೋ ನನಗೇನು ಗೊತ್ತು? ನಿಯಮ ಇದ್ದರೂ ಇರಬಹುದು ಅಂತ ಬಂದವರನ್ನೆಲ್ಲ ಸಾಲಾಗಿ ಕೂರಿಸಿದೆ. ಇನ್ಸ್‌ಪೆಕ್ಟರು ಕನ್ನಡಕ ಒರೆಸಿ ಒರೆಸಿ ನೋಡ್ತಿದ್ದರು. ಕೊನೆಗೆ ಉಳಿದವರು ಗೋಲು ಕಾಯೋ ಗೌಡರ ಹುಡುಗ, ನನ್ನ ಮಗ, ಇಬ್ಬರೇ.

ಚೆಂಡು ಮಗನ ಕಾಲಿಗೆ ಸಿಕ್ತು. ಅವನು ಉಸಿರು ಬಿಗಿಹಿಡಿದು "ಚೆಡುಗುಡು ಚೆಡುಗುಡು" ಅಂತ ಹೊರಟ ನೋಡಿ! ಬಗ್ಗಿ, ಜಾರಿ, ಒಬ್ಬರ ಕೈಗೂ ಸಿಗದೆ ಹನ್ನೊಂದು ಜನರನ್ನೂ ದಾಟಿ ಅವರ ಗೋಲಿನ ಬಾಯಿಗೇ ಹೋದ. "ಒದಿಯೋ!" ಅಂತ ಕಿರುಚಿದೆ.

ಒದೀಲಿಲ್ಲ. ಚೆಡುಗುಡಿನಲ್ಲಿ ಎದುರು ಪಾಳೆಯಕ್ಕೆ ನುಗ್ಗಿದವನು ಅದೇ ಉಸಿರಲ್ಲಿ ಮನೆಗೆ ವಾಪಸ್ ಬರಬೇಕಲ್ಲ! ಪಟ್ಟನೆ ತಿರುಗಿ, ಚೆಂಡಿನ ಸಮೇತ ಅದೇ ವೇಗದಲ್ಲಿ ಓಡಿ ಬಂದು, ನಮ್ಮದೇ ಗೋಲಿಗೆ ಹೊಡೆದು, "ಬಂದೇ!" ಅಂತ ಕೂಗಿದ. ಗೋಲು ಕಾಯೋ ಹುಡುಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದ. ಸತ್ತು ಕೂತಿದ್ದವರೆಲ್ಲ ಎದ್ದು ಕುಣಿದರು. ಊರವರೂ ಕುಣಿದರು. ಗೆದ್ದಿದ್ದು ತಾವೇ ಅಂತ ಪಕ್ಕದೂರಿನವರೂ ಕುಣಿದರು. ಯಾರು ಯಾಕೆ ಕುಣೀತಿದಾರೆ ಅಂತ ತಿಳಿಯದೆ ನಾನೂ ಚಪ್ಪಾಳೆ ತಟ್ಟಿದೆ.

ಮಗ ಓಡಿ ಹೋಗಿ ಇನ್ಸ್‌ಪೆಕ್ಟರ ಕೋಟು ಹಿಡಿದ. "ಚೆಂಡು ನಮಗೇನಾ ಸಾರ್?"

ಅವರು ನಗು ತಡೆಯಲಾರದೆ ಕಣ್ಣೊರೆಸಿಕೊಂಡು ಹೆಡ್‌ಮೇಷ್ಟ್ರಿಗೆ ಹೇಳಿದರು: "ಚೆಂಡು ಇಲ್ಲೇ ಇರ್ಲಿ ಕಣ್ರೀ. ಇವರಿಗೆ ಕಲಿಸಿದೋರನ್ನ ಮಾತ್ರ ಆ ಊರಿಗೆ ಕಳಿಸ್ಬಿಡಿ. ಮುಂದಿನ ಸಲ ನೀವೇ ಗೆಲ್ತೀರಿ."