ಕ್ರಮ ಇಲ್ಲದ ದೊಣ್ಣೆಮೆಣಸು

ನಮ್ಮ ಕಡೆಯವರು ಯಾವುದನ್ನೂ 'ಬೇಡ' ಎಂದು ಹೇಳುವುದಿಲ್ಲ. ಅಷ್ಟು ಒರಟರಲ್ಲ ನಾವು. 'ನಮ್ಮಲ್ಲಿ ಆ ಕ್ರಮ ಇಲ್ಲ' ಎನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಬೇಡ ಎಂದವರ ಹತ್ತಿರ ವಾದ ಮಾಡಬಹುದು, ಕ್ರಮದ ಹತ್ತಿರ ಎಂಥ ವಾದ? ಅದನ್ನು ಯಾರು ಮಾಡಿದ್ದು ಎಂದು ಕೇಳಹೋದರೆ, ಹಾಗೆ ಕೇಳುವ ಕ್ರಮವೂ ಇಲ್ಲ. ನಾನು ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಸ್ವಲ್ಪ ಬಣ್ಣದ ಫ್ರೇಮು ತೋರಿಸಿದರೂ ಸಾಕು, ತಮ್ಮ ಮನೆಯಲ್ಲಿ ಆ ಕ್ರಮ ಇಲ್ಲವೆಂದು ಕಪ್ಪು ಫ್ರೇಮನ್ನೇ ಏರಿಸಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಅಂಗಡಿಯಲ್ಲಿ ನಗುತ್ತೇನೆ, ವ್ಯಾಪಾರವಲ್ಲವೇ. ಆದರೆ ನಾನು ಕೈಯಾರೆ ಮಾಡಿದ ದೊಣ್ಣೆಮೆಣಸಿಗೆ ನನ್ನ ಅತ್ತೆ ಅದೇ ಮಾತು ಹೇಳಿದ ದಿನ ಮಾತ್ರ ನನಗೆ ಪಿತ್ತ ನೆತ್ತಿಗೇರಿತು.

ಈ ದೊಣ್ಣೆಮೆಣಸಿನ ಹುಚ್ಚು ನನಗೆ ಹತ್ತಿದ್ದು ಮಂಗಳೂರಿನಲ್ಲಿ. ಲೆನ್ಸ್ ಕಂಪೆನಿಯವರು ಅಂಗಡಿಯವರನ್ನೆಲ್ಲ ಕರೆದು ಕೊಟ್ಟ ಊಟದಲ್ಲಿ, ಅನ್ನ ಬರುವ ಎಷ್ಟೋ ಮೊದಲೇ ಒಂದು ತಟ್ಟೆ ಬಂತು. ಕ್ಯಾಪ್ಸಿಕಮ್ಮಿನ ತಲೆ ಹಾರಿಸಿ, ಹೊಟ್ಟೆಯ ಬೀಜ ತೆಗೆದು, ಒಳಗೆ ಎಟ್ಟಿ ತುಂಬಿಸಿ ಬೇಯಿಸಿದ್ದರು. ಎಟ್ಟಿ ಎಂದರೆ ಸಿಗಡಿ. ಮೇಲೆ ಚೀಸ್ ಕರಗಿ ಕೆಂಪಾಗಿತ್ತು. ನಾನು ಆ ಒಂದು ತಟ್ಟೆಯಲ್ಲೇ ಊಟ ಮುಗಿಸಿ, ಉಳಿದವರು ಬಿರಿಯಾನಿ ತಿನ್ನುವಾಗ ಅಡುಗೆಯವನನ್ನು ಹುಡುಕಿಕೊಂಡು ಹೋಗಿ ಎಲ್ಲ ಕೇಳಿಕೊಂಡು ಬಂದೆ. ಮರುವಾರ ಮನೆಗೆ ಓವನ್ ಬಂತು. ಹೆಂಡತಿ ಶೈಲಜಾ ಅದರ ಮೇಲೆ ಒಂದು ಬಟ್ಟೆ ಹೊದೆಸಿ, ಟಿ.ವಿ.ಯ ರಿಮೋಟು ಇಡಲು ಒಳ್ಳೆಯದಾಯಿತು ಎಂದಳು. ನಾನು ಬಟ್ಟೆ ತೆಗೆದು ಎಸೆದೆ. ಮೊದಲ ಸಲ ಮೆಣಸು ಕರಟಿತು, ಎರಡನೆಯ ಸಲ ಎಟ್ಟಿ ರಬ್ಬರಾಯಿತು. ಎಟ್ಟಿಯನ್ನು ಈರುಳ್ಳಿ, ಶುಂಠಿ, ಕಾಳುಮೆಣಸಿನೊಂದಿಗೆ ಬರೇ ಬಣ್ಣ ತಿರುಗುವಷ್ಟು ಬಾಡಿಸಿ, ಉಳಿದದ್ದನ್ನು ಓವನ್ನಿಗೆ ಬಿಡಬೇಕೆಂದು ತಿಳಿಯುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ನಮ್ಮ ಮನೆಯದ್ದೇ ಆಗಿಹೋಗಿತ್ತು.

ಸರಿಯಾಗಿ ಬಂದ ದಿನ ಡಬ್ಬಿ ತುಂಬಿಸಿಕೊಂಡು ಕಾಣಿಯೂರಿಗೆ, ಅತ್ತೆಯ ಮನೆಗೆ ಹೋದೆ. ಅತ್ತೆ ನನ್ನ ಹತ್ತಿರ ನೇರ ಮಾತಾಡುವವರಲ್ಲ. ಅಳಿಯನೆಂಬ ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ ಹೇಳುವುದೆಲ್ಲ ಮಗಳ ಮೂಲಕ. ಇದು ಊಟಕ್ಕೆ ಮೊದಲು ತಿನ್ನುವಂಥದ್ದು, ಹಸಿವು ಹೆಚ್ಚಿಸಲಿಕ್ಕೆ ಎಂದು ನಾನು ವಿವರಿಸಿದೆ. ಅತ್ತೆ ಮಗಳ ಕಡೆ ತಿರುಗಿದರು.

"ಹಸಿವಿಲ್ಲದವರು ಊಟಕ್ಕೆ ಯಾಕೆ ಕೂತ್ಕೊಳ್ಳುದು ಅಂತ ನಿನ್ನ ಯಜಮಾನರ ಹತ್ರ ಕೇಳು."

ಆಮೇಲೆ ಚೀಸ್ ಕಣ್ಣಿಗೆ ಬಿತ್ತು. ಹಾಲಿನದ್ದನ್ನು ಮೀನಿನ ಒಟ್ಟಿಗೆ ತಿಂದರೆ ಮೈಮೇಲೆ ಬಿಳಿ ಕಲೆ ಏಳುತ್ತದೆ, ನಮ್ಮಲ್ಲಿ ಆ ಕ್ರಮ ಇಲ್ಲ ಎಂದು ಡಬ್ಬಿಯ ಮುಚ್ಚಳ ಹಾಕಿದರು. ಚಂದ ಕಾಣುತ್ತದೆ ಎಂದೂ ಒಂದು ಮಾತು ಸೇರಿಸಿದರು. ಅದು ಇನ್ನೂ ಉರಿಯಿತು. ತಿನ್ನುವ ವಸ್ತುವನ್ನು ಚಂದ ಉಂಟು ಎನ್ನುವುದು, ಹಾಡಿದವನಿಗೆ ಅಂಗಿ ಲಾಯ್ಕ ಉಂಟು ಎಂದ ಹಾಗೆ. ದಾರಿಯುದ್ದಕ್ಕೂ ಶೈಲಜಾ ಸಮಾಧಾನ ಹೇಳಿದಳು. ನಾನು ಸ್ಕೂಟರಿನಲ್ಲೇ ಶಪಥ ಮಾಡಿದೆ. ಈ ಅತ್ತೆ ನನ್ನ ಮೆಣಸನ್ನು, ಚೀಸ್ ಸಮೇತ, ಊಟಕ್ಕೆ ಮೊದಲೇ ತಿನ್ನಬೇಕು. ತಿನ್ನಿಸದಿದ್ದರೆ ನಾನು ಅಳಿಯನೇ ಅಲ್ಲ.

ಅದಕ್ಕೆ ನಾನು ಆರಿಸಿಕೊಂಡ ದಿನ ಯಾವುದು ಗೊತ್ತೇ? ವರ್ಷಕ್ಕೊಮ್ಮೆ ಆ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಬಡಿಸುವ ದಿನ. ಎಲ್ಲರೂ ಒಟ್ಟಿಗೆ ಸಿಗುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಬೆಳಿಗ್ಗೆಯೇ ಎಟ್ಟಿ, ಮೆಣಸು, ಓವನ್ ಎಲ್ಲ ಆಟೋದಲ್ಲಿ ಹೇರಿಕೊಂಡು ಹೋದೆ. ಅಲ್ಲಿಯ ವೋಲ್ಟೇಜಿಗೆ ಓವನ್ನಿನ ದೀಪ ಮಾತ್ರ ಹೊತ್ತಿತು. ಅತ್ತೆಯ ಮುಖದಲ್ಲಿ ಒಂದು ತೆಳ್ಳಗಿನ ನಗೆ ಕಂಡ ಹಾಗಾಯಿತು. ಬಿಟ್ಟೇನೆಯೇ? ದಪ್ಪ ಪಾತ್ರೆಯಲ್ಲಿ ಮೆಣಸುಗಳನ್ನು ನಿಲ್ಲಿಸಿ, ಕೆಳಗೆ ಕೆಂಡ ಹರಡಿ, ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ ಸುರಿದು, ಬಚ್ಚಲ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಹೊಗೆಗೆ ಕಣ್ಣೀರು ಸುರಿಯುತ್ತಿತ್ತು. ನೋಡಿದವರು ತೀರಿಹೋದ ಮಾವನನ್ನು ನೆನೆದು ಅಳುತ್ತಿದ್ದೇನೆಂದು ತಿಳಿದು ಗೌರವದಿಂದ ದೂರ ನಿಂತರು.

ಬೆಂದು ಬಂದ ಮೆಣಸು ಮಂಗಳೂರಿನದ್ದನ್ನು ಮೀರಿಸುವಂತಿತ್ತು. ತಟ್ಟೆ ಹಿಡಿದು ಚಾವಡಿಗೆ ಬಂದೆ. ಅತ್ತೆ ಅಡ್ಡ ನಿಂತರು. ಹಿರಿಯರಿಗೆ ಬಡಿಸುವ ಮೊದಲು ಈ ದಿನ ಯಾರೂ ಬಾಯಿಗೆ ಎಂತದ್ದೂ ಹಾಕುವ ಹಾಗಿಲ್ಲವಂತೆ, ಮಗಳ ಮೂಲಕ ಹೇಳಿದರು. ಊಟದ ಮೇಲೆ ಕೊಟ್ಟರೆ ಇದಕ್ಕೆ ಅರ್ಥವೇ ಇಲ್ಲ, ಇದನ್ನು ಎಲ್ಲಕ್ಕಿಂತ ಮೊದಲು ತಿನ್ನಬೇಕು ಎಂದು ನಾನೂ ಮಗಳ ಮೂಲಕವೇ ಹೇಳಿದೆ. ಸ್ವರ ಸ್ವಲ್ಪ ಏರಿತ್ತು. ನೆಂಟರೆಲ್ಲ ಗೋಡೆ ನೋಡಿದರು. ನಡುವೆ ನಿಂತು ಸಾಕಾದ ಶೈಲಜಾ ಹೇಳಿದಳು:

"ಎಲ್ಲರಿಗಿಂತ ಮೊದಲು ತಿನ್ನುದು ಹಿರಿಯರಲ್ವಾ? ಹಾಗಾದ್ರೆ ಅವರಿಗೇ ಬಡಿಸಿ. ಚೀಸ್ ತಿಂದ್ರೆ ಅವರಿಗೆ ಇನ್ನು ಕಲೆಯೆಲ್ಲ ಏಳ್ಲಿಕ್ಕಿಲ್ಲ."

ಅತ್ತೆ ಅವಳನ್ನೂ ನೋಡಿದರು, ತಟ್ಟೆಯನ್ನೂ ನೋಡಿದರು. ಆಮೇಲೆ ತಟ್ಟೆ ತೆಗೆದುಕೊಂಡು, ಒಳಗೆ ಕೋಳಿ, ರೊಟ್ಟಿ, ಬೀಡಿ ಎಲ್ಲ ಇಟ್ಟಿದ್ದ ಬಾಳೆ ಎಲೆಗಳಲ್ಲಿ, ಮಾವನ ಎಲೆಗೆ ಒಂದು ದೊಣ್ಣೆಮೆಣಸು ಬಡಿಸಿದರು. ಹಿರಿಯರು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು. ಪರೀಕ್ಷೆಯ ರಿಸಲ್ಟಿಗೂ ನಾನು ಹಾಗೆ ಕಾದವನಲ್ಲ. ಬಾಗಿಲು ತೆರೆದ ಮೇಲೆ ಆ ಎಲೆಗಳಲ್ಲಿ ಮನೆಯವರು ಉಣ್ಣುವುದು ಕ್ರಮ. ಅತ್ತೆ ಮಾವನ ಎಲೆಯ ಮುಂದೆ ಕೂತು, ಆ ಮೆಣಸನ್ನು ಕೈಗೆತ್ತಿ, ಮೊದಲ ತುತ್ತಾಗಿ ಅದನ್ನೇ ತಿಂದರು. ಚೀಸ್ ಸಮೇತ. ಎಲೆಯಲ್ಲಿ ಒಂದು ಚೂರೂ ಉಳಿಯಲಿಲ್ಲ. ಗೆದ್ದೆ ಎಂದು ನಾನು ಎದೆ ಉಬ್ಬಿಸುವಷ್ಟರಲ್ಲಿ ಅವರು, ಮೊದಲ ಸಲ, ನನ್ನ ಮುಖ ನೋಡಿ ನೇರ ಮಾತಾಡಿದರು.

"ಒಮ್ಮೆ ಬಡಿಸಿದ್ದನ್ನು ಮತ್ತೆ ಬಿಡ್ಲಿಕ್ಕಾಗುದಿಲ್ಲ. ಇನ್ನು ಪ್ರತಿ ವರ್ಷ ನೀವೇ ಮಾಡ್ಬೇಕು."

ಅಂದಿನಿಂದ ಆ ದಿನ ನನಗೆ ನೆಂಟನ ಕುರ್ಚಿ ಇಲ್ಲ. ಬೆಳಿಗ್ಗೆಯಿಂದ ಬಚ್ಚಲ ಒಲೆಯ ಹೊಗೆಯೇ ಗತಿ. ಇರಲಿ, ಅದಕ್ಕೆಲ್ಲ ಜಗ್ಗುವವನಲ್ಲ ನಾನು. ಈ ವರ್ಷ ಕಾಣಿಯೂರಿನಲ್ಲಿ ಎಟ್ಟಿ ಸಿಗಲಿಲ್ಲ. ಕೋಳಿಯನ್ನೇ ಕೊಚ್ಚಿ ತುಂಬಿಸಿದರೆ ಆಗದೇ ಎಂದು ಶೈಲಜಾ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಹಿರಿಯರಿಗೆ ಹೋಗುವುದು ಎಟ್ಟಿಯ ದೊಣ್ಣೆಮೆಣಸು, ಕೋಳಿ ತುಂಬಿಸುವ ಕ್ರಮ ನಮ್ಮಲ್ಲಿ ಇಲ್ಲ ಎಂದು ಗುಡುಗಿದೆ. ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು.

"ಅಷ್ಟು ಹಠ ಒಳ್ಳೇದಲ್ಲ ಅಂತ ನಿನ್ನ ಯಜಮಾನರಿಗೆ ಹೇಳು. ಕಾಲಕ್ಕೆ ಸರಿಯಾಗಿ ನಾವೂ ಸ್ವಲ್ಪ ಬದಲಾಗ್ಬೇಕು."

ನಾನು ಎಟ್ಟಿ ತರಲು ಸ್ಕೂಟರ್ ಹತ್ತಿ ಪುತ್ತೂರಿಗೆ ಹೊರಟೆ.