ಸರಸ್ವತಿ ಪೂಜೆಗೆ ನನ್ನ ಇಡೀ ಲೈಬ್ರರಿ

ಇನ್ನು ಈ ಜನ್ಮದಲ್ಲಿ ಕಾಗದದ ಪುಸ್ತಕ ಮುಟ್ಟಲ್ಲ ಅಂತ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಘೋಷಿಸಿಬಿಟ್ಟೆ. ಕೈಯಲ್ಲಿ ಹೊಸ ಇ-ರೀಡರ್ ಇತ್ತು, ಬಾಯಿಗೆ ಬೀಗ ಇರಲಿಲ್ಲ.

ನಾನೇನು ಸಾಮಾನ್ಯ ಓದುಗನಲ್ಲ ಸ್ವಾಮಿ. ರೇಷ್ಮೆ ಹುರಿ ಮಾಡೋ ಮಿಷನ್ ಇಟ್ಕೊಂಡೋರಲ್ಲಿ ಬೀರು ತುಂಬ ಪುಸ್ತಕ ಇದ್ದವನು ಊರಿಗೆ ನಾನೊಬ್ಬನೇ. ಯಾರಾದರೂ ಎರವಲು ಕೇಳಿದರೆ ಬಾಗಿಲಲ್ಲೇ ನಿಲ್ಲಿಸಿ, "ಮೂಲೆ ಮಡಚಬಾರದು, ಎಂಜಲು ಹಚ್ಚಿ ಹಾಳೆ ತಿರುಗಿಸಬಾರದು" ಅಂತ ಮಾತು ತಗೊಂಡೇ ಕೊಡ್ತಿದ್ದೆ. ಈಗ ಅಂಗೈಯಗಲದಲ್ಲಿ ಅದಕ್ಕಿಂತ ದೊಡ್ಡ ಲೈಬ್ರರಿ! ಟೀ ಕುಡೀತಾ ಒಂದು, ಬಸ್ಸಲ್ಲಿ ನೇತಾಡ್ತಾ ಒಂದು, ಬೆರಳು ಒತ್ತಿದರೆ ಪುಸ್ತಕ ಬಂತು. "ಬೀರುವಿನಲ್ಲಿರೋದೆಲ್ಲಾ ನಿಂದೇ, ಏನಾದ್ರೂ ಮಾಡ್ಕೋ" ಅಂತ ಹೆಂಡತಿ ಮಮತಂಗೆ ದಾನ ಮಾಡಿದೆ.

ಸರಸ್ವತಿ ಪೂಜೆ ಬಂತು. "ಒಂದು ಪುಸ್ತಕ ತಂದಿಡಪ್ಪ" ಅಂದ್ರು ಅಮ್ಮ. ಪ್ರತಿ ವರ್ಷ ತೆಳ್ಳಗಿರೋದೊಂದನ್ನ ದೇವಿಗಿಟ್ಟು, ಮಿಕ್ಕಿದ್ದನ್ನ ಆರಾಮಾಗಿ ಓದ್ತಿದ್ದೆ. ಈ ಸಲ ಇ-ರೀಡರನ್ನೇ ಮಣೆ ಮೇಲಿಟ್ಟು ಎದೆಯುಬ್ಬಿಸಿದೆ.

"ಒಂದಲ್ಲಮ್ಮ, ಅಷ್ಟೂ ಇದರೊಳಗಿವೆ."

ಅಮ್ಮ ಅರಿಶಿನ ಕುಂಕುಮ ಇಟ್ಟು ಕೈಮುಗಿದ್ರು.

ಆಮೇಲೆ ಹೊಳೀತು. ಒಂದು ಕೊಲೆ ಕಾದಂಬರಿಯ ಕೊನೇ ಅಧ್ಯಾಯ ಬಾಕಿ ಇತ್ತು. ಕೊಂದವನು ಅಡುಗೆಯವನೋ ಅಳಿಯನೋ ಗೊತ್ತಾಗದೆ ನನಗೆ ಊಟ ಸೇರಲಿಲ್ಲ. ಆಯುಧಪೂಜೆ ಅಂತ ಮಿಷನ್ನೂ ನಿಂತಿತ್ತು, ಕೈಗೆ ಕೆಲಸವಿಲ್ಲ.

"ಅಮ್ಮ, ಒಂದೇ ಒಂದು ತಗೊಳ್ಲಾ?"

"ವಿಜಯದಶಮಿವರ್ಗೂ ಮುಟ್ಟಂಗಿಲ್ಲ. ಒಂದು ಹೆಂಗೆ ತಗೀತೀಯ? ಅಷ್ಟೂ ಅದರೊಳಗವೆ ಅಂದ್ಯಲ್ಲ."

ಜಗುಲಿಗೆ ಬಂದರೆ ಮಮತ ಕಾಲು ಚಾಚಿ ಓದ್ತಾ ಕೂತಿದ್ದಳು. ಅದೇ ಕಾದಂಬರಿ! ವರ್ಷಗಟ್ಟಲೆ ಬೀರುವಿನಲ್ಲಿದ್ದರೂ ನಾನು ಓದದೆ, ಅವಳಿಗೆ ದಾನ ಮಾಡಿ, ಮತ್ತೆ ಇ-ರೀಡರಿಗೆ ಕೊಂಡುಕೊಂಡಿದ್ದೆ.

"ಪೂಜೆಗೆ ಇಡ್ಲಿಲ್ವೇನೇ?"

"ಇಟ್ಟಿದೀನಲ್ಲ ರೀ, ತೆಳ್ಳಗಿರೋದು ಒಂದು. ನಿಮ್ಮಿಂದಲೇ ಕಲ್ತಿದ್ದು."

ಬಸ್ ಸ್ಟ್ಯಾಂಡಿನ ಘೋಷಣೆ ನೆನಪಾಯ್ತು. ನನ್ನ ಮಾನ ಮುಖ್ಯವೋ ಕೊಲೆಗಾರ ಮುಖ್ಯವೋ ಅಂತ ಸ್ವಲ್ಪ ಹೊತ್ತು ಒದ್ದಾಡಿದೆ. ಆಮೇಲೆ ಕೈ ಚಾಚಿದೆ.

"ಕೊನೇ ಅಧ್ಯಾಯ ಮಾತ್ರ ಕಣೇ."

ಅವಳು ಪುಸ್ತಕದ ಮೊದಲ ಪುಟ ತೆರೆದು ತೋರಿಸಿದಳು. 'ಮುನೀಂದ್ರ' ಅಂತ ನಾನು ಬರೆದಿದ್ದಕ್ಕೆ ಗೀಟು ಎಳೆದು, ಕೆಳಗೆ ದಪ್ಪಕ್ಷರದಲ್ಲಿ 'ಮಮತ' ಅಂತಿತ್ತು.

"ಕೊಡ್ತೀನಿ, ಅಲ್ಲೇ ಬಾಗಿಲಲ್ಲಿ ನಿಂತ್ಕೊಳ್ಳಿ" ಅಂದಳು. "ಮೂಲೆ ಮಡಚಬಾರದು. ಎಂಜಲು ಹಚ್ಚಿ ಹಾಳೆ ತಿರುಗಿಸಬಾರದು. ಹೂಂ ಅನ್ನಿ."

ಹೂಂ ಅಂದೆ.