ಗೆದ್ದವನ ಚಹಾ

ಗಡಿಯಾರ ರಿಪೇರಿಯವನಿಗೆ ಆ ಭಾನುವಾರ ಬೆಳಿಗ್ಗೆ ಜ್ಞಾನೋದಯ ಮಾಡಿಸಿದವಳು ಅವನ ಹೆಂಡತಿ.

"ನೀವು ಯಾಕೆ ಯಾವಾಗ್ಲೂ ಮೊದಲು ಸೋಲ್ತೀರ ಗೊತ್ತಾಯ್ತು ರೀ. ನಿಮ್ಮ ಇಸ್ಪೀಟ್ ಎಲೆಗಳೆಲ್ಲ ನಿಮ್ಮ ಕನ್ನಡಕದಲ್ಲೇ ಕಾಣ್ಸುತ್ತೆ!"

ಅವನ ಮೈ ಉರಿದುಹೋಯಿತು. ವಾರವಾರವೂ ಅವನ ಮನೆಯಲ್ಲೇ ಪೋಕರ್ ಪಂದ್ಯ. ದುಡ್ಡಿನ ಮಾತಿಲ್ಲ, ಹೆಂಡತಿಯ ಡಬ್ಬಿಯ ಅಂಗಿ ಗುಂಡಿಗಳೇ ಪಣ. ಆದರೆ ಒಂದು ಕಟ್ಟಳೆ: ಗುಂಡಿ ಮುಗಿದು ಮೊದಲು ಏಳುವವನು ಎಲ್ಲರಿಗೂ ಚಹಾ ಮಾಡಬೇಕು. ಆಡಲು ಕೂತವನಿಗೆ ಆಟಕ್ಕಿಂತ ಒಲೆಯ ಪರಿಚಯವೇ ಹೆಚ್ಚಾಗಿತ್ತು.

"ಇವತ್ತು ಏನೇ ಆಗ್ಲಿ, ನಾನು ಅಡುಗೆಮನೆ ಹೊಸ್ತಿಲು ತುಳಿಯಲ್ಲ" ಎಂದು ಶಪಥ ಮಾಡಿ, ಕನ್ನಡಕ ತೆಗೆದು ಹೆಂಡತಿಯ ಕೈಗಿಟ್ಟ.

ಮಧ್ಯಾಹ್ನ ಕಂಪೌಂಡರು, ಡ್ರಾಯಿಂಗ್ ಮೇಷ್ಟ್ರು, ಭಾವಮೈದ ಮೂವರೂ ಬಂದು ಮೇಜಿನ ಸುತ್ತ ಕೂತರು. ಕನ್ನಡಕವಿಲ್ಲದ ಮುಖ ನೋಡಿ ಮೂವರೂ ಪೆಚ್ಚಾದರು.

"ಕಣ್ಣಿಗೇನಾಯ್ತು ಭಾವ?"

"ಕಣ್ಣು ಚೆನ್ನಾಗಿದೆ. ನೀನು ಎಲೆ ಹಂಚಪ್ಪ."

ಚೆನ್ನಾಗಿರುವುದೆಲ್ಲಿಂದ ಬಂತು! ರಾಜ, ರಾಣಿ, ಗುಲಾಮ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು. ಎಲೆ ಯಾವುದೆಂದೇ ತಿಳಿಯದ ಮೇಲೆ ಮುಖದಲ್ಲಿ ಸಂತೋಷವೆಲ್ಲಿ, ದುಃಖವೆಲ್ಲಿ? ಹಲ್ಲು ಕಚ್ಚಿ ತನ್ನ ಗುಂಡಿಗಳನ್ನೆಲ್ಲ ಮುಂದೆ ನೂಕಿದ.

"ಸುಳ್ಳು! ಇವನ ಹತ್ರ ಏನೂ ಇಲ್ಲ" ಎಂದು ಕಂಪೌಂಡರೂ ತನ್ನದನ್ನೆಲ್ಲ ನೂಕಿದ. ಎಲೆ ತೆರೆದರೆ ಗಡಿಯಾರದವನ ಹತ್ತಿರ ಮೂರು ಎಕ್ಕ. ಅದು ಅವನಿಗೂ ಆಗಲೇ ಗೊತ್ತಾದದ್ದು.

ಕಂಪೌಂಡರು ಗೊಣಗುತ್ತಾ ಒಳಗೆ ಹೋದ. ಗಡಿಯಾರದವನು ಕಾಲ ಮೇಲೆ ಕಾಲು ಹಾಕಿ, "ಸಕ್ಕರೆ ಕಮ್ಮಿ ಇರ್ಲಿ" ಎಂದು ಕೂಗಿ ಹೇಳಿದ. ಎಂಥ ಸುಖ!

ಚಹಾ ಬಂತು. ಮೇಷ್ಟ್ರು ಒಂದು ಗುಟುಕು ಕುಡಿದು ಲೋಟದೊಳಗೇ ನೋಡುತ್ತಾ ಕೂತರು. "ಇದು ಕುಡಿಯೋಕೋ, ಹಚ್ಕೊಳ್ಳೋಕೋ?" ಎಂದ ಭಾವಮೈದ. ಗಡಿಯಾರದವನು ಮಾತ್ರ ಹಟ ಹಿಡಿದು ಪೂರ್ತಿ ಕುಡಿದ. ಬೇರೆಯವರು ಮಾಡಿದ ಚಹಾ, ಬಿಡುವುದುಂಟೇ?

ಅಲ್ಲಿಂದ ಅವನ ನಸೀಬೇ ತಿರುಗಿತು. ಮೇಷ್ಟ್ರು ಮೂರು ಕಾಸಿನ ಎಲೆ ಇಟ್ಟುಕೊಂಡು ಗುಂಡಿಗಳನ್ನೆಲ್ಲ ಸುರಿದು ಎದ್ದರು. ಭಾವಮೈದ ಎಲೆ ನೋಡದೆಯೇ ಸರ್ವಸ್ವವನ್ನೂ ನೂಕಿ ಸೋತ. ನನ್ನ ಧೈರ್ಯ ಕಂಡು ಇವರ ಕೈಕಾಲು ಬಿದ್ದುಹೋಯಿತು ಎಂದುಕೊಂಡು ಗಡಿಯಾರದವನು ಎರಡೂ ಕೈಯಲ್ಲಿ ಗುಂಡಿ ಬಾಚಿಕೊಂಡ.

"ಗೆದ್ದೆ! ಕೊನೆಗೂ ಗೆದ್ದೆ ಕಣೇ!"

"ಗೆದ್ದಾಯ್ತಲ್ಲ ಭಾವ, ಈಗ ಎದ್ದು ಒಂದು ಒಳ್ಳೆ ಚಹಾ ಮಾಡಿ" ಎಂದ ಭಾವಮೈದ. "ಬೇಗ ಮುಗೀಲಿ ಅಂತಾನೇ ನಾವಿಬ್ರೂ ಸೋತಿದ್ದು."

"ಏನಂದೆ?"

"ವಾರವಾರ ಮೂವರೂ ಸೇರ್ಕೊಂಡು ನಿನ್ನನ್ನ ಮೊದಲು ಎಬ್ಬಿಸ್ತಿದ್ದದ್ದು ಯಾಕೆ ಅಂದ್ಕೊಂಡೆ ಮಾರಾಯ?" ಎಂದರು ಮೇಷ್ಟ್ರು. "ನಿನ್ನ ಕೈ ಚಹಾಕ್ಕೇ ನಾವು ಬರೋದು. ಇವತ್ತಿಂದ ಕಟ್ಟಳೆ ಬದಲು. ಗೆದ್ದವನೇ ಚಹಾ ಮಾಡ್ಬೇಕು."

"ಸೋತರೂ ನಾನೇ, ಗೆದ್ದರೂ ನಾನೇ ಅಂದ್ರೆ ಆಟ ಯಾಕ್ರೀ ಮೇಷ್ಟ್ರೇ?"

"ಚಹಾ ಬರೋತನಕ ಸುಮ್ನೆ ಕೂತಿರೋಕಾಗುತ್ತಾ?"

ನ್ಯಾಯ ಕೇಳಲು ಹೆಂಡತಿಯ ಕಡೆ ತಿರುಗಿದ. "ನನಗೂ ಒಂದು ಲೋಟ ರೀ, ಶುಂಠಿ ಸ್ವಲ್ಪ ಜಾಸ್ತಿ" ಎಂದಳು ಅವಳು.

ಗಡಿಯಾರದವನು ದಡದಡ ಒಳಗೆ ಹೋಗಿ ನೀರಿಟ್ಟ. ಮುಂದಿನ ವಾರ ಮೊದಲೂ ಅಲ್ಲ, ಕೊನೆಯೂ ಅಲ್ಲ, ನಡುವೆ ಸೋಲಬೇಕು, ಸತ್ತರೂ ಬಿಡಬಾರದು ಎಂದು ಹೊಸ ಶಪಥ ಮಾಡಿದ. ಸದ್ಯಕ್ಕೆ ಇವರಿಗೆ ಬುದ್ಧಿ ಕಲಿಸಲು ಒಂದು ಹಿಡಿ ಉಪ್ಪನ್ನೂ ತೆಗೆದ. ಪಾತ್ರೆಯ ಮೇಲೆ ಹಿಡಿದ. ಅಷ್ಟರಲ್ಲಿ ಶುಂಠಿಯ ಘಮ ಮೇಲೆದ್ದಿತು; ಬಣ್ಣ ಈಗಷ್ಟೇ ಹದವಾಗಿ ಇಳಿಯುತ್ತಿತ್ತು. ಹಾಳಾದ ಕೈ, ಉಪ್ಪನ್ನು ಡಬ್ಬಿಗೇ ವಾಪಸು ಹಾಕಿತು.

"ಆಯ್ತಾ ಭಾವ?"

"ತಡ್ಕೊಳ್ರೋ, ಇನ್ನೊಂದು ಕುದಿ ಬರ್ಲಿ!" ಎಂದು ರೇಗಿ, ಉರಿ ಸಣ್ಣಗೆ ಮಾಡಿದ.